ಸೂಪರ್ ಅಣ್ಣಿಗೇರಿ-1: ವಂಶವಾಹಿ ಸಂಶೋಧನೆ ಮತ್ತು ಕಡಲೆ ವ್ಯಾಪಾರ

ಉತ್ತರ ಕರ್ನಾಟಕದ ಕೃಷಿ ಉತ್ಪನ್ನ ಮಾರುಕಟ್ಟೆಗಳಲ್ಲಿ ಕಡಲೆಯ ವ್ಯವಹಾರ ನಡೆಸುವ ವರ್ತಕರಿಗೆ ಅಣ್ಣಿಗೇರಿ ಎಂಬ ಹೆಸರನ್ನು ಪರಿಚಯಿಸುವ ಅಗತ್ಯವಿಲ್ಲ. ಧಾರವಾಡ ಜಿಲ್ಲೆಯ ಈ ಊರಿನ ಹೆಸರನ್ನು ಹೊತ್ತ ಅಣ್ಣಿಗೇರಿ-1 ತಳಿಯು ದಶಕಗಳ ಕಾಲ ಹಿಂಗಾರಿನ ಎರೆಭೂಮಿಯಲ್ಲಿ ಬೆಳೆದು ಬೇಳೆ ಗಿರಣಿ, ಕಡಲೆಹಿಟ್ಟಿನ ಗಿರಣಿ ಹಾಗೂ ಪುಟಾಣಿ ಭಟ್ಟಿಗಳಿಗೆ ಮಾಲು ಒದಗಿಸುತ್ತ ಬಂದಿದೆ. ಅದರ ಕಾಳಿನ ಗಾತ್ರ, ಬಣ್ಣ ಮತ್ತು ಬೇಳೆಯಾಗುವ ಗುಣ ಖರೀದಿದಾರನಿಗೆ ರೂಢಿಯಾಗಿವೆ. ಯಂತ್ರದ ಜಾಲರಿಯಿಂದ ಮೊದಲ್ಗೊಂಡು ಗಿರಾಕಿಯ ಅಪೇಕ್ಷೆಯವರೆಗೆ ಎಲ್ಲವೂ ಆ ಕಾಳಿಗೆ ಹೊಂದಿಕೊಂಡಿವೆ.

ಆದರೆ ಕಳೆದ ಕೆಲವು ದಶಕಗಳಲ್ಲಿ ಈ ತಳಿಯು ಸೊರಗು ರೋಗಕ್ಕೆ ತುತ್ತಾಗತೊಡಗಿತು. ನೆಟೆ ರೋಗವೆಂದೂ ಸಿಡಿ ರೋಗವೆಂದೂ ರೈತರು ಕರೆಯುವ ಈ ಬಾಧೆ ಬಂದ ಹೊಲದಲ್ಲಿ ನಿನ್ನೆ ಹಸಿರಾಗಿದ್ದ ಗಿಡ ಕೆಲವೇ ದಿನಗಳಲ್ಲಿ ಬಾಡಿ ಒಣಗುತ್ತದೆ. ಬೆಳೆಗಾರನು ನಷ್ಟಕ್ಕೆ ಬೇಸತ್ತು ಬೇರೆ ತಳಿಗೆ ತಿರುಗಿದರೆ ಅದು ಅವನೊಬ್ಬನ ನಿರ್ಧಾರವಾಗಿ ಉಳಿಯುವುದಿಲ್ಲ. ಆವಕದ ಸ್ವರೂಪವೇ ಬದಲಾಗಿ, ಗಿರಣಿಯವನು ತನ್ನ ಬೇಳೆ ಇಳುವರಿಯ ಲೆಕ್ಕವನ್ನು ಹೊಸದಾಗಿ ಹಾಕಬೇಕಾಗುತ್ತದೆ.

ಹಳೆಯ ಕಾಳಿನ ಗುಣಗಳನ್ನು ಹಾಗೆಯೇ ಉಳಿಸಿಕೊಂಡು ರೋಗ ನಿರೋಧಕ ಶಕ್ತಿಯನ್ನು ಮಾತ್ರ ಸೇರಿಸುವುದು ಸಾಧ್ಯವೇ ಎಂಬ ಪ್ರಶ್ನೆಗೆ ಅಣುಜೀವವಿಜ್ಞಾನವು ಕೊಟ್ಟ ಉತ್ತರವೇ ‘ಸೂಪರ್ ಅಣ್ಣಿಗೇರಿ-1’. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ಹೈದರಾಬಾದ್ ಸಮೀಪದ ಪಟನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ಸಹಯೋಗದಲ್ಲಿ ಅಭಿವೃದ್ಧಿಪಡಿಸಿದ ಈ ತಳಿಯನ್ನು 2019ರಲ್ಲಿ ಅಖಿಲ ಭಾರತ ಸಮನ್ವಿತ ಕಡಲೆ ಸಂಶೋಧನಾ ಯೋಜನೆಯು ಬೇಸಾಯಕ್ಕಾಗಿ ಗುರುತಿಸಿತು. ಪ್ರಯೋಗಾಲಯದ ವಿಷಯವೆಂದು ವರ್ತಕರು ಇದನ್ನು ಬದಿಗಿಡುವಂತಿಲ್ಲ. ಈ ತಳಿಯ ಲಾಭ ಮಾರುಕಟ್ಟೆಯಲ್ಲಿ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಬೀಜ ಮತ್ತು ಕಾಳಿನ ವ್ಯವಹಾರವನ್ನು ಎಷ್ಟು ಶುದ್ಧವಾಗಿ ನಡೆಸಲಾಗುತ್ತದೆ ಎಂಬುದನ್ನೇ ಅವಲಂಬಿಸಿದೆ.

ಬಟಾಣಿಯ ಲೆಕ್ಕದಿಂದ ಆರಂಭ

ತಳಿವಿಜ್ಞಾನದ ಜನನವಾದದ್ದೇ ಒಂದು ದ್ವಿದಳ ಧಾನ್ಯದ ಮೇಲೆ. ಇಂದಿನ ಚೆಕ್ ಗಣರಾಜ್ಯದ ಬ್ರನೋ ನಗರದ ಮಠದಲ್ಲಿದ್ದ ಗ್ರೆಗರ್ ಮೆಂಡಲ್ ಎಂಬ ಪಾದ್ರಿಯು ಬಟಾಣಿ ಗಿಡಗಳ ಮೇಲೆ ನಡೆಸಿದ ಪ್ರಯೋಗಗಳ ವರದಿ 1866ರಲ್ಲಿ ಪ್ರಕಟವಾಯಿತು. ದುಂಡು ಕಾಳಿನ ಗಿಡವನ್ನೂ ಸುಕ್ಕು ಕಾಳಿನ ಗಿಡವನ್ನೂ ಸಂಕರಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡು ಕಾಳುಗಳೇ ಆದವು. ಸುಕ್ಕು ಮಾಯವಾಯಿತೆಂದು ಯಾರಾದರೂ ಭಾವಿಸಬಹುದಿತ್ತು. ಆದರೆ ಆ ಗಿಡಗಳಿಂದ ಬಂದ ಮುಂದಿನ ಪೀಳಿಗೆಯ 7,324 ಕಾಳುಗಳನ್ನು ಎಣಿಸಿದಾಗ 5,474 ದುಂಡಾಗಿಯೂ 1,850 ಸುಕ್ಕಾಗಿಯೂ ಇದ್ದವು. ಅಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದರ ಪ್ರಮಾಣ. ಕಾಣದೇ ಹೋದ ಗುಣವು ನಾಶವಾಗಿರಲಿಲ್ಲ. ಒಂದು ಪೀಳಿಗೆಯ ಕಾಲ ಮರೆಯಲ್ಲಿದ್ದು ಮತ್ತೆ ಪ್ರಕಟವಾಗಿತ್ತು. ಪ್ರತಿ ಗುಣಕ್ಕೂ ತಂದೆಯ ಕಡೆಯಿಂದ ಒಂದು, ತಾಯಿಯ ಕಡೆಯಿಂದ ಒಂದು ಎಂಬಂತೆ ಎರಡು ನಮೂದುಗಳಿರುತ್ತವೆ ಎಂಬುದು ಈ ಎಣಿಕೆಯ ಸಾರಾಂಶ. ಜಮೆ ಮತ್ತು ಖರ್ಚು ಎರಡನ್ನೂ ಬರೆಯುವ ಜೋಡಿ ನಮೂದಿನ ಲೆಕ್ಕಪದ್ಧತಿಗೆ ಒಗ್ಗಿದವರಿಗೆ ಇದನ್ನು ಗ್ರಹಿಸುವುದು ಕಠಿಣವಲ್ಲ.

ಆ ಸುಕ್ಕಿನ ಕಾರಣವು ಅಣುಮಟ್ಟದಲ್ಲಿ ಏನೆಂಬುದು ತಿಳಿದದ್ದು 1990ರಲ್ಲಿ. ಇಂಗ್ಲೆಂಡಿನ ನಾರ್ವಿಚ್ ನಗರದ ಜಾನ್ ಇನ್ಸ್ ಸಂಸ್ಥೆಯ ವಿಜ್ಞಾನಿಗಳು, ಕಾಳಿನಲ್ಲಿ ಪಿಷ್ಟವನ್ನು ಕಟ್ಟುವ ಕಿಣ್ವದ ವಂಶವಾಹಿಯ ನಡುವೆ ಸುಮಾರು 800 ಅಕ್ಷರಗಳಷ್ಟು ಉದ್ದದ ಡಿ.ಎನ್.ಎ. ತುಣುಕೊಂದು ಬಂದು ಸೇರಿರುವುದನ್ನು ಕಂಡುಹಿಡಿದರು. ಕಿಣ್ವ ಕೆಟ್ಟ ಕಾರಣ ಪಿಷ್ಟ ಕಡಿಮೆಯಾಗಿ ಸಕ್ಕರೆ ಹೆಚ್ಚುತ್ತದೆ. ಸಕ್ಕರೆ ಹೆಚ್ಚಿದ ಎಳೆಗಾಳು ಹೆಚ್ಚು ನೀರನ್ನು ಹೀರುತ್ತದೆ. ಒಣಗುವಾಗ ಆ ನೀರು ಹೋಗಿ ಸಿಪ್ಪೆ ಸುಕ್ಕುಗಟ್ಟುತ್ತದೆ. ಸಿಹಿಯಾದ ಹಸಿ ಬಟಾಣಿಗೂ ಹಿಟ್ಟಿನಂಥ ಒಣ ಬಟಾಣಿಗೂ ಇರುವ ಭೇದದ ಒಂದು ಮುಖ್ಯ ಕಾರಣ ಇದೇ. ಮೆಂಡಲ್ ಅಭ್ಯಸಿಸಿದ ಏಳು ಗುಣಗಳಲ್ಲಿ ಅದುವರೆಗೆ ಪತ್ತೆಯಾಗದೆ ಉಳಿದಿದ್ದ ಮೂರರ ವಂಶವಾಹಿಗಳ ವಿವರವೂ 2025ರಲ್ಲಿ ಪ್ರಕಟವಾಯಿತು. ಮಾರುಕಟ್ಟೆಯಲ್ಲಿ ದರ ನಿಗದಿಪಡಿಸುವ ಗುಣವು ಅಂತಿಮವಾಗಿ ಒಂದು ವಂಶವಾಹಿಯ ಬರವಣಿಗೆಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕಿಲ್ಲ.

ರೋಗದ ಸ್ವರೂಪ

ಕಡಲೆಯ ಸೊರಗು ರೋಗಕ್ಕೆ ಫ್ಯುಸೇರಿಯಂ ಎಂಬ ಶಿಲೀಂಧ್ರ ಕಾರಣ. ಇದು ಮಣ್ಣಿನಿಂದ ಬೇರನ್ನು ಹೊಕ್ಕು, ನೀರನ್ನು ಮೇಲಕ್ಕೊಯ್ಯುವ ನಾಳಗಳನ್ನು ಕಟ್ಟಿಬಿಡುತ್ತದೆ. ಮಣ್ಣಿನಲ್ಲಿ ತೇವವಿದ್ದರೂ ಗಿಡಕ್ಕೆ ನೀರು ದೊರೆಯುವುದಿಲ್ಲ. ಒಣಗಿದ ಗಿಡದ ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಪ್ಪು ಮಿಶ್ರಿತ ಕಂದು ಗೆರೆ ಕಾಣುತ್ತದೆ. ಅನುಕೂಲಕರ ಪರಿಸ್ಥಿತಿಯಲ್ಲಿ ಈ ರೋಗವು ಬೆಳೆಯನ್ನು ಪೂರ್ತಿಯಾಗಿ ನುಂಗಬಲ್ಲದು.

ವ್ಯಾಪಾರದ ದೃಷ್ಟಿಯಿಂದ ಈ ಶಿಲೀಂಧ್ರದ ಮೂರು ಸಂಗತಿಗಳು ಮುಖ್ಯ. ಮೊದಲನೆಯದಾಗಿ, ಕಡಲೆಯನ್ನು ಬೆಳೆಯದಿದ್ದರೂ ಇದು ಮಣ್ಣಿನಲ್ಲಿ ಆರು ವರ್ಷಗಳವರೆಗೆ ಬದುಕಿರಬಲ್ಲದು. ಆದ್ದರಿಂದ ಒಂದೆರಡು ವರ್ಷ ಜೋಳವನ್ನೋ ಕುಸುಬೆಯನ್ನೋ ಬಿತ್ತಿದ ಮಾತ್ರಕ್ಕೆ ಹೊಲ ಶುದ್ಧವಾಯಿತೆಂದು ಹೇಳಲಾಗದು. ಎರಡನೆಯದಾಗಿ, ಇದು ಮಣ್ಣಿನಿಂದ ಮಾತ್ರವಲ್ಲದೆ ಬೀಜದ ಮೂಲಕವೂ ಹರಡುತ್ತದೆ. ರೋಗಪೀಡಿತ ಹೊಲದ ಕಾಳು ಬೀಜವಾಗಿ ಮಾರಾಟವಾದರೆ ರೋಗವೂ ಅದರೊಡನೆ ಹೊಸ ಹೊಲಕ್ಕೆ ಪ್ರಯಾಣ ಮಾಡುತ್ತದೆ. ಮೂರನೆಯದಾಗಿ, ಈ ಶಿಲೀಂಧ್ರದಲ್ಲಿ ಹಲವು ಪಂಗಡಗಳಿವೆ. ಒಂದು ಪಂಗಡವನ್ನು ತಡೆಯುವ ಗಿಡವು ಇನ್ನೊಂದನ್ನೂ ತಡೆಯುತ್ತದೆ ಎಂಬ ನಿಯಮವಿಲ್ಲ. ಅಣ್ಣಿಗೇರಿ-1 ತಳಿಯು ಮಣಿದದ್ದು ನಾಲ್ಕನೆಯದೆಂದು ಗುರುತಿಸಲಾದ ಪಂಗಡಕ್ಕೆ.

ಈ ಪಂಗಡವನ್ನು ತಡೆಯುವ ಶಕ್ತಿಯು ‘ಡಬ್ಲ್ಯು.ಆರ್. 315’ ಎಂಬ ಮತ್ತೊಂದು ಕಡಲೆಯಲ್ಲಿತ್ತು. ಅಣ್ಣಿಗೇರಿಯಲ್ಲಿ ಮಾರುಕಟ್ಟೆಯ ಗುಣ, ಡಬ್ಲ್ಯು.ಆರ್. 315ರಲ್ಲಿ ರೋಗ ನಿರೋಧ. ಇವೆರಡನ್ನೂ ಒಂದೇ ಗಿಡದಲ್ಲಿ ತರುವುದು ಸಂಶೋಧಕರ ಮುಂದಿದ್ದ ಕೆಲಸ.

ಹಿಮ್ಮುಖ ಸಂಕರಣ: ಇಳಿಯುವ ಶಿಲ್ಕಿನ ಲೆಕ್ಕ

ಎರಡು ತಳಿಗಳನ್ನು ಸಂಕರಿಸಿದರೆ ಹುಟ್ಟುವ ಸಸಿಯಲ್ಲಿ ಇಬ್ಬರ ಪಾಲೂ ಸಮಸಮವಾಗಿರುತ್ತದೆ. ಅಣ್ಣಿಗೇರಿಯ ಪಾಲು ಶೇ. 50, ದಾನಿ ತಳಿಯ ಪಾಲು ಶೇ. 50. ದಾನಿಯಿಂದ ಬೇಕಾಗಿರುವುದು ಒಂದು ಗುಣ ಮಾತ್ರ. ಉಳಿದುದೆಲ್ಲ ಬೇಡವಾದ ಸರಕು. ಅದನ್ನು ಹೊರಹಾಕಲು ಆ ಸಸಿಯನ್ನು ಮತ್ತೆ ಅಣ್ಣಿಗೇರಿಯೊಡನೆಯೇ ಸಂಕರಿಸಲಾಗುತ್ತದೆ. ಇದಕ್ಕೆ ಹಿಮ್ಮುಖ ಸಂಕರಣವೆಂದು ಹೆಸರು. ಪ್ರತಿ ಬಾರಿಯೂ ದಾನಿಯ ಪಾಲು ಸರಾಸರಿ ಅರ್ಧಕ್ಕೆ ಇಳಿಯುತ್ತದೆ: ಶೇ. 50 ಇದ್ದದ್ದು ಮೊದಲ ಹಿಮ್ಮುಖ ಸಂಕರಣದ ನಂತರ 25, ಎರಡನೆಯದರ ನಂತರ 12.5, ಮೂರನೆಯದರ ನಂತರ 6.25.

ಯಂತ್ರೋಪಕರಣಗಳ ಮೇಲೆ ಇಳಿಯುವ ಶಿಲ್ಕಿನ ಪದ್ಧತಿಯಲ್ಲಿ ಸವಕಳಿ ಬರೆಯುವ ಉದ್ದಿಮೆದಾರರಿಗೆ ಈ ಅಂಕಿಗಳು ಪರಿಚಿತವಾದವೇ. ಶೇ. 50ರ ದರದಲ್ಲಿ ಸವಕಳಿ ತೆಗೆದರೆ ಪುಸ್ತಕದ ಮೌಲ್ಯ ಹೇಗೆ ಇಳಿಯುವುದೋ ದಾನಿಯ ಪಾಲೂ ಹಾಗೆಯೇ ಇಳಿಯುತ್ತದೆ. ಆ ಪದ್ಧತಿಯಲ್ಲಿ ಶಿಲ್ಕು ಪೂರ್ತಿ ಸೊನ್ನೆಯಾಗದಂತೆ ಇಲ್ಲಿಯೂ ದಾನಿಯ ಸ್ವಲ್ಪ ಪಾಲು ಉಳಿದೇ ಇರುತ್ತದೆ. ವ್ಯತ್ಯಾಸವಿರುವುದು ಒಂದೇ ಕಡೆ: ಸವಕಳಿಯು ಪ್ರತಿ ವರ್ಷ ನಿಗದಿತ ದರದಲ್ಲಿ ನಡೆಯುತ್ತದೆ, ಸಂಕರಣದಲ್ಲಿ ಅರ್ಧ ಎಂಬುದು ಸರಾಸರಿ ಮಾತ್ರ. ಒಂದೇ ಸಂಕರಣದಿಂದ ಬಂದ ನೂರು ಸಸಿಗಳಲ್ಲಿ ಕೆಲವು ಸರಾಸರಿಗಿಂತ ಬಹಳಷ್ಟು ಅಣ್ಣಿಗೇರಿಯ ಕಡೆಗೆ ವಾಲಿರುತ್ತವೆ, ಕೆಲವು ದಾನಿಯ ಕಡೆಗೆ ವಾಲಿರುತ್ತವೆ.

ಹಿಂದಿನ ಕಾಲದ ತಳಿ ಅಭಿವೃದ್ಧಿಯಲ್ಲಿ ಎರಡು ತೊಡಕುಗಳಿದ್ದವು. ನೂರು ಸಸಿಗಳ ಪೈಕಿ ರೋಗ ನಿರೋಧದ ವಂಶವಾಹಿಯನ್ನು ಪಡೆದವು ಯಾವುವು ಎಂದು ತಿಳಿಯಲು ಅವುಗಳನ್ನು ರೋಗವಿರುವ ಮಣ್ಣಿನಲ್ಲಿ ಬೆಳೆಸಿ ಕಾಯಬೇಕಿತ್ತು. ಆ ಗುಣವು ಮೆಂಡಲ್‌ನ ಸುಕ್ಕಿನಂತೆ ಮರೆಯಲ್ಲಿರುವ ಬಗೆಯದಾದರೆ, ಅದನ್ನು ಹೊತ್ತ ಗಿಡವೂ ರೋಗಕ್ಕೆ ಬಲಿಯಾಗುವುದರಿಂದ ಮತ್ತೊಂದು ಪೀಳಿಗೆಯನ್ನೇ ಬೆಳೆಸಿ ನೋಡಬೇಕಾಗುತ್ತಿತ್ತು. ಎರಡನೆಯ ತೊಡಕೆಂದರೆ, ಉಳಿದ ಗುಣಗಳಲ್ಲಿ ಅಣ್ಣಿಗೇರಿಗೆ ಅತಿ ಹತ್ತಿರವಾದ ಸಸಿ ಯಾವುದೆಂದು ಕಣ್ಣಿನಿಂದಲೇ ಅಂದಾಜು ಮಾಡಬೇಕಿತ್ತು. ಅಂದಾಜು ತಪ್ಪಿದರೆ ವರ್ಷಗಳ ಶ್ರಮ ವ್ಯರ್ಥವಾಗುತ್ತಿತ್ತು.

ಡಿ.ಎನ್.ಎ. ಗುರುತು: ಮೂಟೆ ಬಿಚ್ಚದೆ ಮಾಲು ಪರೀಕ್ಷೆ

ಈ ತೊಡಕುಗಳನ್ನು ನಿವಾರಿಸಿದ್ದು ಡಿ.ಎನ್.ಎ. ಗುರುತುಗಳು. ಗಿಡದ ಪ್ರತಿ ಜೀವಕೋಶದಲ್ಲಿಯೂ ಅದರ ಸಂಪೂರ್ಣ ವಂಶವಾಹಿ ದಾಖಲೆ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ ಬರೆದಂತೆ ಇರುತ್ತದೆ. ಆ ದಾಖಲೆಯ ಕೆಲವು ಕಡೆ ಎರಡು ಮೂರು ಅಕ್ಷರಗಳ ಒಂದೇ ಗುಂಪು ಹಲವು ಬಾರಿ ಪುನರಾವರ್ತನೆಯಾಗುತ್ತದೆ. ಎಷ್ಟು ಬಾರಿ ಎಂಬುದು ತಳಿಯಿಂದ ತಳಿಗೆ ಬೇರೆ. ಒಂದು ತಳಿಯಲ್ಲಿ 15 ಬಾರಿ ಇರುವುದು ಮತ್ತೊಂದರಲ್ಲಿ 22 ಬಾರಿ ಇರಬಹುದು. ಇಂಥ ತಾಣವು ರೋಗ ನಿರೋಧದ ವಂಶವಾಹಿಗೆ ತೀರ ಸಮೀಪದಲ್ಲಿದ್ದರೆ, ಸಾಮಾನ್ಯವಾಗಿ ಎರಡೂ ಒಟ್ಟಿಗೇ ಮುಂದಿನ ಪೀಳಿಗೆಗೆ ಸಾಗುತ್ತವೆ. ಗುರುತು ಇದ್ದರೆ ಗುಣವೂ ಇದೆ ಎಂದು ಬಹುಮಟ್ಟಿಗೆ ನಂಬಬಹುದು. ಮೂಟೆಯನ್ನು ಬಿಚ್ಚದೆ ಅದರ ಮೇಲಿನ ಚೀಟಿಯನ್ನು ಓದಿ ಮಾಲನ್ನು ತಿಳಿಯುವಂತೆ ಈ ವ್ಯವಸ್ಥೆ.

ಚೀಟಿಯೊಂದೇ ಕಳಚಿ ಬೇರೆ ಮೂಟೆಗೆ ಸೇರುವ ಅಪಾಯವಿರುವಂತೆ, ಸಂಕರಣದ ವೇಳೆ ಗುರುತು ಮತ್ತು ಗುಣ ಪರಸ್ಪರ ಬೇರ್ಪಡುವ ಸಂಭವವೂ ಇದೆ. ಆದಕಾರಣ ಒಂದಕ್ಕಿಂತ ಹೆಚ್ಚು ಗುರುತುಗಳನ್ನು ಬಳಸುವುದು ವಾಡಿಕೆ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅಣ್ಣಿಗೇರಿಯ ಸಸಿಗಳನ್ನು ಆರಿಸಲು ಇಂತಹ ನಾಲ್ಕು ಗುರುತುಗಳನ್ನು ಬಳಸಲಾಯಿತು.

ಪರೀಕ್ಷೆಗೆ ಎಳೆಯ ಸಸಿಯ ಒಂದು ತುಣುಕು ಎಲೆ ಸಾಕು. ಅದರಿಂದ ತೆಗೆದ ಡಿ.ಎನ್.ಎ.ಯಲ್ಲಿ ಬೇಕಾದ ತಾಣವನ್ನು ಮಾತ್ರ ಪಿ.ಸಿ.ಆರ್. ಎಂಬ ವಿಧಾನದಿಂದ ನಕಲು ಮಾಡಲಾಗುತ್ತದೆ. 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್ ರೂಪಿಸಿದ ಈ ವಿಧಾನಕ್ಕೆ 1993ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಪ್ರತಿ ಸುತ್ತಿನಲ್ಲಿಯೂ ನಕಲುಗಳ ಸಂಖ್ಯೆ ಎರಡು ಪಟ್ಟಾಗುವುದರಿಂದ, ಲೆಕ್ಕದ ಪ್ರಕಾರ ಒಂದು ತುಣುಕು 30 ಸುತ್ತುಗಳಲ್ಲಿ 107 ಕೋಟಿಯನ್ನು ಮೀರುತ್ತದೆ. ಚಕ್ರಬಡ್ಡಿಯ ಬಲವನ್ನು ಬಲ್ಲ ವರ್ತಕರಿಗೆ ಇದು ಆಶ್ಚರ್ಯವೆನಿಸದು. ಹೀಗೆ ಹೆಚ್ಚಿಸಿದ ತುಣುಕುಗಳ ಉದ್ದವನ್ನು ಅಳೆದರೆ ಅದು ಅಣ್ಣಿಗೇರಿಯದೋ ದಾನಿಯದೋ ಎಂದು ಕೆಲವೇ ದಿನಗಳಲ್ಲಿ ತಿಳಿಯುತ್ತದೆ. ಹೂ ಬಿಡುವ ಮೊದಲೇ ನಿರ್ಧಾರ ಕೈಗೊಂಡು, ಆಯ್ಕೆಯಾದ ಸಸಿಗಳನ್ನು ಮಾತ್ರ ಮುಂದಿನ ಸಂಕರಣಕ್ಕೆ ಉಳಿಸಿಕೊಳ್ಳಬಹುದು.

ಇದು ಪರೀಕ್ಷೆಯ ಮೊದಲ ಭಾಗ. ಎರಡನೆಯ ಭಾಗದಲ್ಲಿ, ದಾಖಲೆಯ ಉದ್ದಕ್ಕೂ ಹರಡಿರುವ ಬೇರೆ ಬೇರೆ ಗುರುತುಗಳನ್ನು ಪರೀಕ್ಷಿಸಿ, ಪ್ರತಿ ಸಸಿಯಲ್ಲಿ ಅಣ್ಣಿಗೇರಿಯ ಪಾಲು ಎಷ್ಟು ಮರಳಿ ಬಂದಿದೆಯೆಂದು ಲೆಕ್ಕ ಹಾಕಲಾಗುತ್ತದೆ. ಲೆಕ್ಕಪರಿಶೋಧಕರು ಸಾವಿರಾರು ವೋಚರುಗಳ ಪೈಕಿ ಆಯ್ದ ಕೆಲವನ್ನು ನೋಡಿ ಇಡೀ ಪುಸ್ತಕದ ಸ್ಥಿತಿಯನ್ನು ಅರಿಯುವಂಥದೇ ಕ್ರಮ ಇದು. ಕಲಬುರಗಿಯ ಕೆಲಸದಲ್ಲಿ ಮೊದಲ ಹಿಮ್ಮುಖ ಸಂಕರಣದ ಸಸಿಗಳಲ್ಲಿ ಅಣ್ಣಿಗೇರಿಯ ಪಾಲು ಶೇ. 76ರಿಂದ 87ರಷ್ಟು, ಎರಡನೆಯದರಲ್ಲಿ ಶೇ. 90ರಿಂದ 95ರಷ್ಟು ದೊರೆಯಿತು. ಗುರುತುಗಳ ನೆರವಿಲ್ಲದಿದ್ದರೆ ನಿರೀಕ್ಷಿಸಬಹುದಾಗಿದ್ದ ಸರಾಸರಿಗಳು ಕ್ರಮವಾಗಿ 75 ಮತ್ತು 87.5. ಮೂರನೆಯ ಸಂಕರಣದ ಸರಾಸರಿಯಾದ 93.75ರ ಆಸುಪಾಸನ್ನು ಎರಡನೆಯದರಲ್ಲಿಯೇ ತಲುಪಿದ್ದು ಈ ವಿಧಾನದ ನಿಜವಾದ ಉಳಿತಾಯ. ವಿಜ್ಞಾನಿಗೆ ಅದು ಒಂದು ಹಂಗಾಮಿನ ಉಳಿತಾಯವಾದರೆ ಬೆಳೆಗಾರನಿಗೆ ಅಷ್ಟು ಬೇಗ ಬೀಜ ಕೈಸೇರುವ ಅವಕಾಶ.

ಅನಂತರ ಈ ಗಿಡಗಳನ್ನು ಹಲವು ಪೀಳಿಗೆಗಳ ಕಾಲ ಸ್ವಕೀಯ ಪರಾಗಸ್ಪರ್ಶದಿಂದ ಬೆಳೆಸಿ ಗುಣಗಳನ್ನು ಸ್ಥಿರಗೊಳಿಸಲಾಯಿತು. ಹೀಗೆ ಸ್ಥಿರವಾದ ಹತ್ತು ಸಾಲುಗಳನ್ನು ಹಲವು ಸ್ಥಳಗಳಲ್ಲಿ ಬಿತ್ತಿ ಪರೀಕ್ಷಿಸಿದ ಮೇಲೆ ಆಯ್ಕೆಯಾದ ಒಂದು ಸಾಲೇ ಸೂಪರ್ ಅಣ್ಣಿಗೇರಿ-1. ಪ್ರಯೋಗಾಲಯದ ಆಯ್ಕೆಯು ಹೊಲದ ಪರೀಕ್ಷೆಗೆ ಬದಲಿಯಲ್ಲ. ಅದು ಹೊಲಕ್ಕೆ ಒಯ್ಯಬೇಕಾದ ಸಾಲುಗಳ ಸಂಖ್ಯೆಯನ್ನು ಕಡಿಮೆ ಮಾಡುವ ಸಾಧನ ಮಾತ್ರ.

ಅಂಕಿಗಳು ಹೇಳುವುದೇನು?

ತಳಿಯನ್ನು ಗುರುತಿಸಿದ ಸಂದರ್ಭದಲ್ಲಿ ಪ್ರಕಟವಾದ ವಿವರಗಳಂತೆ ಸೂಪರ್ ಅಣ್ಣಿಗೇರಿ-1ರ ಸರಾಸರಿ ಇಳುವರಿ ಹೆಕ್ಟೇರಿಗೆ 1,898 ಕಿಲೋ. ಇದು ಅಣ್ಣಿಗೇರಿ-1ಕ್ಕಿಂತ ಸುಮಾರು ಶೇ. 7ರಷ್ಟು ಅಧಿಕ. 95ರಿಂದ 110 ದಿನಗಳಲ್ಲಿ ಕಟಾವಿಗೆ ಬರುವ ಈ ತಳಿಯ ನೂರು ಕಾಳುಗಳ ತೂಕ 18ರಿಂದ 20 ಗ್ರಾಂ. ಕರ್ನಾಟಕ, ಆಂಧ್ರಪ್ರದೇಶ, ಮಹಾರಾಷ್ಟ್ರ ಹಾಗೂ ಗುಜರಾತ್ ರಾಜ್ಯಗಳಿಗೆ ಇದನ್ನು ಶಿಫಾರಸು ಮಾಡಲಾಗಿದೆ.

ಶೇ. 7 ಎಂಬುದನ್ನು ಎಕರೆಯ ಲೆಕ್ಕಕ್ಕೆ ತಂದರೆ ಸುಮಾರು 50 ಕಿಲೋ, ಅಂದರೆ ಅರ್ಧ ಕ್ವಿಂಟಲಿನ ಒಂದು ಚೀಲ. 2025-26ರ ಹಿಂಗಾರು ಮಾರಾಟ ಹಂಗಾಮಿಗೆ ಕೇಂದ್ರ ಸರ್ಕಾರವು ಘೋಷಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 5,650 ರೂಪಾಯಿ. ಆ ದರದಲ್ಲಿ ಒಂದು ಎಕರೆಯ ಹೆಚ್ಚುವರಿ ಆದಾಯ 2,825 ರೂಪಾಯಿಯಾಗುತ್ತದೆ. ಇದು ಪ್ರಯೋಗ ತಾಕುಗಳ ಸರಾಸರಿಯನ್ನು ಆಧರಿಸಿದ ಲೆಕ್ಕವೆಂಬುದನ್ನು ಮರೆಯಬಾರದು. ರೈತನ ಹೊಲದಲ್ಲಿ ಮಳೆ, ಮಣ್ಣು ಮತ್ತು ಆರೈಕೆಗೆ ತಕ್ಕಂತೆ ಅಂಕಿಗಳು ಬದಲಾಗುತ್ತವೆ.

ಆದರೆ ಈ ತಳಿಯ ಬೆಲೆಯನ್ನು ಆ ಒಂದು ಚೀಲದಿಂದ ಅಳೆಯುವುದು ಸರಿಯಾಗದು. ರೋಗವಿಲ್ಲದ ಹೊಲದಲ್ಲಿ ಹಳೆಯ ಮತ್ತು ಹೊಸ ತಳಿಗಳ ನಡುವೆ ಕಾಣುವ ಅಂತರ ಅಲ್ಪ. ರೋಗ ಬಂದ ಹೊಲದಲ್ಲಿಯಾದರೋ ಒಂದು ನಿಂತಿರುತ್ತದೆ, ಇನ್ನೊಂದು ಒಣಗುತ್ತದೆ. ಅಗ್ನಿ ವಿಮೆಯ ಕಂತಿನ ಮೌಲ್ಯವು ಬೆಂಕಿ ಬೀಳದ ವರ್ಷದಲ್ಲಿ ಗೋಚರಿಸುವುದಿಲ್ಲ. ಬಿತ್ತನೆ ಬೀಜದಲ್ಲಿರುವ ರೋಗ ನಿರೋಧವೂ ಅಂತಹುದೇ ಆಗಿದ್ದು, ಅದರ ಫಲ ಆವಕದ ಸ್ಥಿರತೆಯ ರೂಪದಲ್ಲಿ ಗಿರಣಿಯವರೆಗೂ ತಲುಪುತ್ತದೆ.

ವಿಮೆಗೆ ಷರತ್ತುಗಳಿರುವಂತೆ ಇದಕ್ಕೂ ಮಿತಿಗಳಿವೆ. ಈ ನಿರೋಧ ಸೊರಗು ರೋಗದ ನಿರ್ದಿಷ್ಟ ಪಂಗಡವನ್ನು ಗುರಿಯಾಗಿಟ್ಟುಕೊಂಡು ತಂದದ್ದು. ಒಣ ಬೇರುಕೊಳೆ ರೋಗಕ್ಕೆ ಕಾರಣವಾಗುವ ಶಿಲೀಂಧ್ರವೇ ಬೇರೆ; ಬಿಸಿಲು ಹೆಚ್ಚಿ ಮಣ್ಣಿನ ತೇವ ಕುಗ್ಗಿದಾಗ ಅದು ಬಲಗೊಳ್ಳುತ್ತದೆ. ಕಾಯಿಕೊರಕ ಹುಳುವಿಗೂ ಈ ಗುಣಕ್ಕೂ ಸಂಬಂಧವಿಲ್ಲ. ಒಂದೇ ಬಗೆಯ ನಿರೋಧವನ್ನು ವ್ಯಾಪಕ ಪ್ರದೇಶದಲ್ಲಿ ಬಹುಕಾಲ ಬೆಳೆದರೆ ಶಿಲೀಂಧ್ರದ ಹೊಸ ಪಂಗಡಗಳು ತಲೆಯೆತ್ತುವ ಸಂಭವವೂ ಇದೆ. ಆದ್ದರಿಂದ ‘ಯಾವ ರೋಗವೂ ಬಾರದ ಬೀಜ’ ಎಂದು ಜಾಹೀರಾತು ನೀಡುವ ಮಾರಾಟಗಾರನು ಗಿರಾಕಿಗೂ ತಳಿಗೂ ಅನ್ಯಾಯ ಮಾಡಿದಂತಾಗುತ್ತದೆ.

ಇದು ಕುಲಾಂತರಿಯೇ?

ವರ್ತಕರ ವಲಯದಲ್ಲಿ ಆಗಾಗ ಕೇಳಿಬರುವ ಸಂಶಯವಿದು. ಡಿ.ಎನ್.ಎ. ಎಂಬ ಪದ ಕಿವಿಗೆ ಬಿದ್ದೊಡನೆ ಕುಲಾಂತರಿ ಬೆಳೆ ಎಂದು ಭಾವಿಸುವವರು ಅನೇಕರು. ಸೂಪರ್ ಅಣ್ಣಿಗೇರಿ-1 ಕುಲಾಂತರಿಯಲ್ಲ. ಇದರ ತಂದೆಯೂ ಕಡಲೆ, ತಾಯಿಯೂ ಕಡಲೆ; ಸಂಕರಣ ನಡೆದದ್ದು ಹೂವಿನಲ್ಲಿ. ಡಿ.ಎನ್.ಎ. ಪರೀಕ್ಷೆಯು ಸಸಿಗಳನ್ನು ಆರಿಸಲು ನೆರವಾಯಿತೇ ಹೊರತು ಹೊರಗಿನ ಯಾವ ವಂಶವಾಹಿಯನ್ನೂ ಒಳಗೆ ಸೇರಿಸಲಿಲ್ಲ. ತೂಕದ ಯಂತ್ರವು ಮಾಲನ್ನು ಅಳೆಯುತ್ತದೆಯೇ ಹೊರತು ಮಾಲಿಗೆ ಏನನ್ನೂ ಬೆರೆಸುವುದಿಲ್ಲ.

ಕುಲಾಂತರಿ ತಳಿಯಲ್ಲಿ ಬೇರೊಂದು ಜೀವಿಯ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಸೇರಿಸಲಾಗಿರುತ್ತದೆ. ನೈಜೀರಿಯಾ ದೇಶವು ಕಾಯಿಕೊರಕವನ್ನು ತಡೆಯುವ ಇಂತಹ ಅಲಸಂದೆಗೆ 2019ರಲ್ಲಿ ಅನುಮತಿ ನೀಡಿತು. ಭಾರತದಲ್ಲಿ ಕಡಲೆ, ತೊಗರಿಗಳ ಮೇಲೆ ಸಂಶೋಧನೆ ನಡೆದಿದ್ದರೂ ಯಾವ ಕುಲಾಂತರಿ ಬೇಳೆಕಾಳಿಗೂ ವಾಣಿಜ್ಯ ಬೇಸಾಯದ ಅನುಮತಿ ದೊರೆತಿಲ್ಲ. ಇವೆರಡರ ಹೊರತಾಗಿ ವಂಶವಾಹಿ ತಿದ್ದುಪಡಿ ಎಂಬ ಮೂರನೆಯ ವಿಧಾನವೂ ಇದೆ. ಹೊರಗಿನ ವಂಶವಾಹಿಯನ್ನು ಉಳಿಸದೆ, ಇರುವ ಅಕ್ಷರಗಳನ್ನೇ ತಿದ್ದಿದ ಸಸ್ಯಗಳಿಗೆ ಕುಲಾಂತರಿಗಳಿಗೆ ಅನ್ವಯಿಸುವ ಕೆಲವು ನಿಯಮಗಳಿಂದ ಕೇಂದ್ರ ಸರ್ಕಾರವು 2022ರಲ್ಲಿ ವಿನಾಯಿತಿ ನೀಡಿತು. ಈ ಮೂರನ್ನೂ ಒಂದೇ ಹೆಸರಿನಿಂದ ಕರೆದರೆ ಅನಗತ್ಯ ಗೊಂದಲ ಹುಟ್ಟಿ, ನಿರಪರಾಧಿಯಾದ ಮಾಲಿನ ಬೆಲೆಗೆ ಪೆಟ್ಟು ಬೀಳುತ್ತದೆ.

ಜೀನೋಮ್ ಓದು ಮತ್ತು ಮುಂದಿನ ತಳಿಗಳು

ಕಡಲೆಯ ಸಂಪೂರ್ಣ ವಂಶವಾಹಿ ದಾಖಲೆಗೆ ಜೀನೋಮ್ ಎಂದು ಹೆಸರು. ಎಂಟು ಜೋಡಿ ವರ್ಣತಂತುಗಳಲ್ಲಿ ಅಡಗಿರುವ, ಸುಮಾರು 74 ಕೋಟಿ ಅಕ್ಷರಗಳ ಈ ದಾಖಲೆಯ ಕರಡನ್ನು 2013ರಲ್ಲಿ ಇಕ್ರಿಸ್ಯಾಟ್ ಸಂಸ್ಥೆಯ ರಾಜೀವ್ ವಾರ್ಷ್ಣೇಯ ಅವರ ನೇತೃತ್ವದ ಅಂತರರಾಷ್ಟ್ರೀಯ ತಂಡವು ಪ್ರಕಟಿಸಿತು. ಅದರಲ್ಲಿ 28,269 ವಂಶವಾಹಿಗಳನ್ನು ಗುರುತಿಸಲಾಯಿತು. 2021ರಲ್ಲಿ 3,366 ಬಗೆಯ ಕಡಲೆಗಳ ದಾಖಲೆಗಳನ್ನು ಹೋಲಿಸಿದ ಬೃಹತ್ ಅಧ್ಯಯನ ಹೊರಬಂದಿತು. ಒಂದೇ ಅಂಗಡಿಯ ಲೆಕ್ಕ ನೋಡುವುದಕ್ಕೂ ಇಡೀ ಪೇಟೆಯ ಲೆಕ್ಕಗಳನ್ನು ಒಟ್ಟಿಗೆ ತಾಳೆ ನೋಡುವುದಕ್ಕೂ ಇರುವ ವ್ಯತ್ಯಾಸ ಇವೆರಡರ ನಡುವೆ ಇದೆ.

ಸೂಪರ್ ಅಣ್ಣಿಗೇರಿ-1ರ ಜೊತೆಯಲ್ಲಿಯೇ ಗುರುತಿಸಲಾದ ‘ಪೂಸಾ ಕಡಲೆ 10216’ ತಳಿಯು ಇದೇ ಮಾರ್ಗದ ಇನ್ನೊಂದು ಫಲ. ಬರವನ್ನು ತಾಳಿಕೊಳ್ಳುವ ಗುಣಕ್ಕೆ ಕಾರಣವಾದ ಜೀನೋಮ್ ಭಾಗವನ್ನು ‘ಐ.ಸಿ.ಸಿ. 4958’ ಎಂಬ ಕಡಲೆಯಿಂದ ‘ಪೂಸಾ 372’ ತಳಿಗೆ ತಂದು ಇದನ್ನು ರೂಪಿಸಲಾಯಿತು. ತೇವದ ಕೊರತೆಯಿರುವ ಸ್ಥಿತಿಯಲ್ಲಿ ಇದರ ಇಳುವರಿಯು ಮೂಲ ತಳಿಗಿಂತ ಸುಮಾರು ಶೇ. 11.9ರಷ್ಟು ಹೆಚ್ಚೆಂದು ವರದಿಯಾಗಿದೆ.

ಕಲಬುರಗಿ ಭಾಗದ ಗಿರಣಿಗಳ ಜೀವಾಳವಾದ ತೊಗರಿಯ ಜೀನೋಮ್ ಕರಡು ಇದಕ್ಕೂ ಮೊದಲೇ, 2011ರ ಕೊನೆಯಲ್ಲಿ ಬೆಳಕು ಕಂಡಿತು. ಅದಕ್ಕೆ ಬಳಸಿದ್ದು ‘ಆಶಾ’ ತಳಿ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಕಡಲೆಯು ತನ್ನ ಹೂವಿನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವುದರಿಂದ ಬೀಜದ ಶುದ್ಧತೆ ಬಹುಮಟ್ಟಿಗೆ ಉಳಿಯುತ್ತದೆ. ತೊಗರಿಯಲ್ಲಿ ಜೇನುನೊಣ ಮೊದಲಾದ ಕೀಟಗಳಿಂದ ಪರಕೀಯ ಪರಾಗಸ್ಪರ್ಶವೂ ಗಣನೀಯವಾಗಿ ನಡೆಯುತ್ತದೆ. ಪಕ್ಕದ ಹೊಲದ ತಳಿಯ ಗುಣ ಇದರಲ್ಲಿ ಬೆರೆಯಬಹುದು. ಅಂತಹ ಬೆಳೆಯಲ್ಲಿ, ಅದರಲ್ಲೂ ಹೈಬ್ರಿಡ್ ತೊಗರಿಯಲ್ಲಿ, ಬೀಜದ ಲಾಟಿನ ಶುದ್ಧತೆಯನ್ನು ಒಂದು ಹಂಗಾಮು ಬೆಳೆದು ನೋಡುವ ಬದಲು ಡಿ.ಎನ್.ಎ. ಗುರುತುಗಳಿಂದ ಬೇಗನೆ ತಿಳಿಯಬಹುದಾಗಿದೆ.

ವರ್ತಕರು ಹಾಗೂ ಉದ್ದಿಮೆದಾರರು ಗಮನಿಸಬೇಕಾದುದು

ಕಣ್ಣಿಗೆ ಅಣ್ಣಿಗೇರಿಯಂತೆಯೇ ಕಾಣುವಂತೆ ಮಾಡುವುದೇ ಈ ಸಂಶೋಧನೆಯ ಉದ್ದೇಶವಾಗಿತ್ತು. ಉದ್ದೇಶ ಈಡೇರಿದ್ದರಿಂದಲೇ ಒಂದು ಹೊಸ ಸಮಸ್ಯೆ ಹುಟ್ಟಿದೆ: ಅಂಗೈಯಲ್ಲಿ ಹಿಡಿದ ಕಾಳು ಹಳೆಯದೋ ಹೊಸದೋ ಎಂದು ಅನುಭವಿ ದಲಾಲರೂ ಖಚಿತವಾಗಿ ಹೇಳಲಾರರು. ಕಾಳನ್ನು ಬೇಳೆ ಮಾಡಲು ಕೊಳ್ಳುವವನಿಗೆ ಇದರಿಂದ ತೊಂದರೆಯಿಲ್ಲ. ಬಿತ್ತನೆಗೆ ಕೊಳ್ಳುವವನಿಗೆ ಮಾತ್ರ ಈ ವ್ಯತ್ಯಾಸವೇ ಸರ್ವಸ್ವ. ಹಳೆಯ ಕಾಳನ್ನು ಹೊಸ ಹೆಸರಿನಲ್ಲಿ ಕೊಂಡ ರೈತನಿಗೆ ಮೋಸ ತಿಳಿಯುವುದು ಗಿಡ ಒಣಗಿದ ಮೇಲೆಯೇ. ಆ ವೇಳೆಗೆ ಹಂಗಾಮು ಮುಗಿದಿರುತ್ತದೆ. ಬೀಜ ರೋಗಗ್ರಸ್ತವಾಗಿದ್ದರೆ ಶಿಲೀಂಧ್ರವೂ ಹೊಲದಲ್ಲಿ ವರ್ಷಗಳ ಮಟ್ಟಿಗೆ ನೆಲೆಸಿರುತ್ತದೆ.

ಆದ್ದರಿಂದ ಇಲ್ಲಿ ಕಣ್ಣಿಗಿಂತ ದಾಖಲೆಗೆ ಹೆಚ್ಚು ಬೆಲೆ. ಬೀಜ ವ್ಯವಸ್ಥೆಯಲ್ಲಿ ತಳಿವರ್ಧಕ ಬೀಜಕ್ಕೆ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ. ಪ್ರಮಾಣಿತ ಕಡಲೆ ಬೀಜದಲ್ಲಿ ಮೊಳಕೆ ಕನಿಷ್ಠ ಶೇ. 85, ಭೌತಿಕ ಶುದ್ಧತೆ ಕನಿಷ್ಠ ಶೇ. 98 ಇರಬೇಕೆಂಬುದು ನಿಗದಿತ ಮಟ್ಟ. 1983ರ ಬೀಜ ನಿಯಂತ್ರಣ ಆದೇಶದಂತೆ ಬಿತ್ತನೆ ಬೀಜದ ವ್ಯಾಪಾರ ನಡೆಸಲು ಪರವಾನಗಿ ಅವಶ್ಯ. ರೈತನು ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡುವ ಹಾಗೂ ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಮಾನ್ಯ ಮಾಡಿದೆ. ಯಾರ್ಡಿನಲ್ಲಿ ಕಾಳಾಗಿ ಕೊಂಡ ಮಾಲನ್ನು ಬಿತ್ತನೆ ಹಂಗಾಮಿನಲ್ಲಿ ಬೀಜವೆಂದು ಮಾರುವ ವರ್ತಕನಿಗೆ ಆ ಹಕ್ಕಿನ ಆಸರೆ ಇಲ್ಲ.

ಬೇಳೆ, ಹಿಟ್ಟು ಹಾಗೂ ಪುಟಾಣಿ ತಯಾರಕರು ಹೊಸ ತಳಿಯ ಮಾಲು ಬಂದಾಗ ಅದನ್ನು ಹಳೆಯದರೊಡನೆ ಬೆರೆಸುವ ಮುನ್ನ ಕೆಲವು ಲಾಟುಗಳನ್ನು ಪ್ರತ್ಯೇಕವಾಗಿ ಓಡಿಸಿ ನೋಡುವುದು ಒಳಿತು. ತೇವಾಂಶ, ನೂರು ಕಾಳಿನ ತೂಕ, ಬೇಳೆಯ ಇಳುವರಿ, ನುಚ್ಚು ಮತ್ತು ಹೊಟ್ಟಿನ ಪ್ರಮಾಣ ಇವಿಷ್ಟನ್ನು ಲಾಟುವಾರು ಬರೆದಿಟ್ಟರೆ ಎರಡು ಹಂಗಾಮುಗಳಲ್ಲಿ ವಿಶ್ವಾಸಾರ್ಹ ಹೋಲಿಕೆ ಸಿದ್ಧವಾಗುತ್ತದೆ. ಹೆಚ್ಚಿನ ಬೆಲೆ ಕೊಡಬೇಕೇ ಬೇಡವೇ ಎಂಬುದನ್ನು ಊಹೆಯ ಬದಲು ಆ ಪುಸ್ತಕವೇ ಹೇಳುತ್ತದೆ. ಬೆಳೆಗಾರರ ಉತ್ಪಾದಕ ಸಂಸ್ಥೆಗಳೊಡನೆ ಬಿತ್ತನೆಗೆ ಮುಂಚೆಯೇ ಮಾತುಕತೆ ನಡೆಸಿ, ಪ್ರಮಾಣಿತ ಬೀಜದ ಖರೀದಿ ರಶೀದಿಯನ್ನು ಕಾಳಿನ ಖರೀದಿಗೆ ಆಧಾರವಾಗಿಟ್ಟುಕೊಂಡರೆ ಏಕರೂಪದ ಮಾಲು ದೊರೆಯುವ ಸಂಭವ ಹೆಚ್ಚು.

ದಾನಿ ತಳಿಯ ಒಂದು ಗುಣವನ್ನು ತಂದು, ಬೇಡದ್ದನ್ನು ಪೀಳಿಗೆಯಿಂದ ಪೀಳಿಗೆಗೆ ಅರ್ಧರ್ಧವಾಗಿ ಕಳೆದು, ಪ್ರತಿ ಹಂತದಲ್ಲಿಯೂ ಗುರುತುಗಳಿಂದ ತಾಳೆ ನೋಡಿ ವಿಜ್ಞಾನಿಗಳು ಈ ಬೀಜವನ್ನು ಸಿದ್ಧಪಡಿಸಿದ್ದಾರೆ. ಎಚ್ಚರಿಕೆಯಿಲ್ಲದ ಗೋದಾಮಿನಲ್ಲಿ ಎರಡು ರಾಶಿಗಳನ್ನು ಒಂದಾಗಿಸಿ, ಅದರಿಂದಲೇ ಬಿತ್ತನೆಗೆ ತೂಗಿಕೊಟ್ಟರೆ ಆ ಲೆಕ್ಕವೆಲ್ಲ ಒಂದೇ ದಿನದಲ್ಲಿ ಅಳಿಸಿಹೋಗುತ್ತದೆ. ಬೀಜದ ಮೂಟೆಯನ್ನು ಬೇರೆಯಾಗಿಯೇ ಇರಿಸಿ ಅದರ ಚೀಟಿ ಮತ್ತು ರಶೀದಿಯನ್ನು ಕಾಪಾಡುವುದು ವರ್ತಕರ ಕೈಯಲ್ಲಿಯೇ ಇರುವ ಕೆಲಸ.